ತಾಯಿಗೆ ಮೂರು ಸಲ ಹೇಳಿದ ಸಾವು

ಬಾದಾಮಿಯ ಗುಹೆಗಳ ಮೆಟ್ಟಿಲು ಹತ್ತುವಾಗ, ಎರಡನೆಯ ಗುಹೆ ದಾಟಿದ ಮೇಲೆ, ನನ್ನ ತಾಯಿ ನನ್ನ ಮೊಳಕೈ ಹಿಡಿದು ನಿಂತಳು. ಸ್ವಲ್ಪ ಹೊತ್ತು ಏದುಸಿರು ಬಿಟ್ಟು, ಆಮೇಲೆ ಜಪಾನಿಯಲ್ಲಿ ಕೇಳಿದಳು:

“ನಿಮ್ಮ ಜಪಾನಿ ಭಾಷೆ ಬಹಳ ಚೆನ್ನಾಗಿದೆ. ಎಲ್ಲಿ ಕಲಿತಿರಿ?”

ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಎಪ್ಪತ್ತೆಂಟು ವರ್ಷದಲ್ಲಿ ಆಕೆ ಒಂದು ದಿನವೂ ತಮಾಷೆ ಮಾಡಿದವಳಲ್ಲ ಅನ್ನುವುದು ಆ ಕ್ಷಣಕ್ಕೆ ನೆನಪಾಗಲಿಲ್ಲ.

“ಅಮ್ಮ, ಸುಮ್ಮನೆ ಬನ್ನಿ. ಮಂಗಗಳಿವೆ, ಚೀಲ ಗಟ್ಟಿ ಹಿಡಿದುಕೊಳ್ಳಿ,” ಅಂದೆ.

ಆಕೆ ತಲೆಬಾಗಿ “ಧನ್ಯವಾದ” ಅಂದಳು. ಅಂಗಡಿಯವರಿಗೆ, ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವರಿಗೆ ಹೇಳುವ ಧನ್ಯವಾದ ಅದು. ಮಕ್ಕಳಿಗೆ ಹಾಗೆ ಹೇಳುವುದಿಲ್ಲ.

ನಾನು ಜಪಾನಿನವಳು. ಇಳಕಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು. ಸೀರೆ ನೇಯುವುದನ್ನು ನೋಡಿ ಬರೆದುಕೊಂಡು ಹೋಗಬೇಕೆಂದು ಮೂರು ತಿಂಗಳಿಗೆ ಬಂದವಳು, ಯಾವ ಮನೆಯ ಮಗ್ಗದ ಮುಂದೆ ನೋಟ್‌ಬುಕ್ ಹಿಡಿದು ಕೂತೆನೋ ಆ ಮನೆಯ ಮಗನನ್ನೇ ಮದುವೆಯಾದೆ. ಗಂಡನದು ಸೀರೆ ವ್ಯಾಪಾರ. ಅವನ ತಾಯಿ, ನಮ್ಮ ಅತ್ತಿ, ಈಗಲೂ ಮಗ್ಗಕ್ಕೆ ಕೂರುತ್ತಾರೆ. ನನ್ನ ಕನ್ನಡ ಅತ್ತಿಯ ಬಾಯಿಂದ ಬಂದದ್ದು, ಅಕ್ಷರ ಮಗಳ ಒಂದನೇ ಇಯತ್ತೆಯ ಪುಸ್ತಕದಿಂದ. ಅವಳ ಜೊತೆಗೇ ಕೂತು ತಿದ್ದಿದೆ. ಇಲ್ಲಿ ತಾಯಿಯ ಮಾತುಗಳನ್ನು ಪುಸ್ತಕದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆಕೆಯ ಜಪಾನಿ ಹಾಗೇ ಇತ್ತು, ಇಸ್ತ್ರಿ ಹಾಕಿದ ಹಾಗೆ.

ಹದಿನೆಂಟು ವರ್ಷದ ಬಿಸಿಲಿಗೆ ನಾನು ಕಪ್ಪಾಗಿದ್ದೇನೆ. ದಪ್ಪಗಾಗಿದ್ದೇನೆ. ಸೀರೆ ಉಡುತ್ತೇನೆ, ಕುಂಕುಮ ಇಡುತ್ತೇನೆ, ಸಂತೆಯಲ್ಲಿ ಬದನೆಕಾಯಿಗೆ ಜಗಳ ತೆಗೆಯುತ್ತೇನೆ. ಊರಿನವರು ಮೊದಲ ಹತ್ತು ವರ್ಷ ನನ್ನನ್ನು ಜಪಾನಿ ಸೊಸಿ ಅಂದರು. ಕೊರೋನಾ ಬಂದ ವರ್ಷ ಒಂದು ವಾರದಲ್ಲಿ ಚೀನಾದಾಕಿಯಾದೆ. ದಿನಾ ಮೊಸರು ಕೊಡುತ್ತಿದ್ದ ಮುದುಕಿ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡಳು. ಮಗಳ ಕಣ್ಣು ಸಣ್ಣವು. ಸಾಲಿಯಲ್ಲಿ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಅದು ಹೋಯಿತು, ಈಗ ಮತ್ತೆ ಜಪಾನಿ ಸೊಸಿ. ಯಾರಿಗೂ ಅದರ ನೆನಪಿಲ್ಲ. ನನಗಿದೆ.

ಅದೇ ವರ್ಷ ನನ್ನ ತಂದೆ ತೀರಿಕೊಂಡರು. ವಿಮಾನ ಬಂದ್ ಆಗಿದ್ದವು. ಅವರನ್ನು ಸುಟ್ಟ ಮೇಲೆ ಉಳಿದ ಎಲುಬುಗಳನ್ನು ಮನೆಮಂದಿ ಕಡ್ಡಿಗಳಿಂದ ಎತ್ತಿ ಮಡಕೆಯಲ್ಲಿಡುವುದು ನಮ್ಮಲ್ಲಿ ಪದ್ಧತಿ. ಆ ಕೆಲಸವನ್ನು ನಾನು ಇಳಕಲ್ಲಿನ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಆಮೇಲೆ ವಿಮಾನಗಳು ಶುರುವಾದವು. ಆದರೂ ನಾನು ಹೋಗಲಿಲ್ಲ. ಮಗಳ ಪರೀಕ್ಷೆ, ಅತ್ತಿಯ ಮೊಣಕಾಲು, ಅಂಗಡಿಯ ಕೆಲಸ, ಪ್ರತಿ ಸಲ ಏನೋ ಒಂದು ಕಾರಣ ಹೇಳಿದೆ. ಹೇಳಿದ್ದು ಒಂದೂ ಸುಳ್ಳಲ್ಲ. ಹೋಗಬೇಕೆಂದಿದ್ದರೆ ಒಂದೂ ಅಡ್ಡ ಬರುತ್ತಿರಲಿಲ್ಲ.

ತಾಯಿಯನ್ನು ನೋಡಿಕೊಂಡವನು ನನ್ನ ತಮ್ಮ. ಅವನಿಗೆ ಮದುವೆಯಾಗಿಲ್ಲ. ಎರಡು ವರ್ಷದ ಹಿಂದೆ ಫೋನ್ ಮಾಡಿ, “ಅಕ್ಕಾ, ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಹತ್ತು ದಿನ ಎಲ್ಲರೂ ಸೇರಿ ಊರು ನೋಡೋಣ. ಅಮ್ಮ ಸ್ವಲ್ಪ ಮರೆಯುತ್ತಾಳೆ, ವಯಸ್ಸಾಯಿತಲ್ಲ,” ಅಂದ. ಸ್ವಲ್ಪ ಅಂದಿದ್ದ.

ಡಿಸೆಂಬರ್‌ನಲ್ಲಿ ಬಂದರು. ಬಾಗಲಕೋಟೆಯ ಸ್ಟೇಷನ್ನಿನಲ್ಲಿ ರೈಲಿಳಿದ ತಾಯಿ ಅತ್ತಿಯ ಮುಂದೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು. ನನಗೂ ಅಷ್ಟೇ ಬಗ್ಗಿ ಮಾಡಿದಳು. ಒಂಬತ್ತು ವರ್ಷದಿಂದ ಮಗಳ ಮುಖ ನೋಡಿಲ್ಲ, ಸಿಟ್ಟು ಇಳಿದಿಲ್ಲ, ಅದಕ್ಕೇ ಹೊರಗಿನವರಿಗೆ ಮಾಡಿದಂತೆ ಮಾಡುತ್ತಿದ್ದಾಳೆ ಅಂದುಕೊಂಡೆ. ನನಗೂ ಸಿಟ್ಟು ಬಂತು. ಮನೆಯಲ್ಲಿ ಮೂರು ದಿನ ಇಬ್ಬರೂ ಒಬ್ಬರಿಗೊಬ್ಬರು ಹೆಚ್ಚು ಮಾತಾಡಲಿಲ್ಲ. ಬೇಕಾದ್ದನ್ನೆಲ್ಲ ಆಕೆ ತಮ್ಮನ ಕಡೆಯಿಂದ ಕೇಳಿಸಿದಳು.

ನಾಲ್ಕನೆಯ ದಿನ ಬಾದಾಮಿಗೆ ಹೋದೆವು. ಗಂಡ, ಮಗಳು, ಅತ್ತಿ, ನಾನು, ತಾಯಿ, ತಮ್ಮ. ಕಾರು ಓಡಿಸಿದವರು ನಮ್ಮ ಓಣಿಯ ಚಾಚಾ. ಮೊದಲು ನೇಯುವ ನೂಲಿಗೆ ಬಣ್ಣ ಹಾಕುತ್ತಿದ್ದರು, ಈಗ ಬಾಡಿಗೆ ಕಾರಿದೆ. ಬೆಳಿಗ್ಗೆ ಶಿವಯೋಗ ಮಂದಿರಕ್ಕೆ ಹೋಗಿ ಹೊಳೆಯ ದಂಡೆಯಲ್ಲಿ ಕಟ್ಟಿಕೊಂಡು ಹೋದ ರೊಟ್ಟಿ ತಿಂದೆವು. ತಾಯಿ ಮಲಪ್ರಭೆಯ ನೀರಿಗೆ ಕೈ ಅದ್ದಿ ನಕ್ಕಳು. ತಮ್ಮ ಬಹಳ ಫೋಟೋ ತೆಗೆದ. ಎಲ್ಲರನ್ನೂ ನಿಲ್ಲಿಸಿ, ನನ್ನ ಕೈಯನ್ನು ತಾಯಿಯ ಹೆಗಲ ಮೇಲೆ ತಾನೇ ಇಟ್ಟು ತೆಗೆದ. ಮಧ್ಯಾಹ್ನ ಗುಹೆಗಳಿಗೆ ಹೋದೆವು. ಜಪಾನಿ ಎಲ್ಲಿ ಕಲಿತಿರಿ ಎಂದು ತಾಯಿ ಕೇಳಿದ್ದು ಆಗಲೇ. ತಮ್ಮನಿಗೆ ಹೇಳಿದೆ. ಅವನು ನನ್ನ ಕಡೆ ನೋಡದೆ, “ದಣಿದಾಗ ಹಾಗೆ ಆಗುತ್ತದೆ,” ಅಂದ.

ಮರುದಿನ ಬೆಳಿಗ್ಗೆ ಹೊಟೇಲಿನಲ್ಲಿ ತಿಂಡಿಗೆ ತಮ್ಮ ಬರಲಿಲ್ಲ. ಕೋಣೆಯಲ್ಲಿ ತಾಯಿ ಒಬ್ಬಳೇ ಹಾಸಿಗೆಯ ತುದಿಯಲ್ಲಿ ಕೋಟು ಹಾಕಿಕೊಂಡು ಕೂತಿದ್ದಳು. ನಾನು ಕೆಳಗಿಳಿದು ಹೊರಗೆ ಬಂದೆ. ಚಾಚಾ ಕಾರು ಒರೆಸುತ್ತಿದ್ದರು.

“ಚಾಚಾ, ನನ್ನ ತಮ್ಮನ್ನ ನೋಡೀರೇನು?”

ಅವರ ಕೈಯಲ್ಲಿದ್ದ ಅರಿವೆ ನಿಂತಿತು. “ನಸುಕಿನ್ಯಾಗ ಹುಬ್ಬಳ್ಳಿ ಏರ್‌ಪೋರ್ಟಿಗೆ ಬಿಟ್ಟು ಬಂದೇನ್ರಿ ಅಕ್ಕಾರ. ಅರ್ಜೆಂಟ್ ಕೆಲಸ ಬಂದೈತಿ, ನಿಮಗ ಗೊತ್ತೈತಿ ಅಂತ ಫೋನಿನ್ಯಾಗ ಬರದು ತೋರ್ಸಿದ್ರು. ನಿಮಗ ಗೊತ್ತಿದ್ದಿಲ್ಲೇನು?”

“ಗೊತ್ತಿತ್ತು,” ಅಂದೆ. ನನಗೇ ಯಾಕೆಂದು ತಿಳಿಯಲಿಲ್ಲ. ನಾಚಿಕೆಯಾಯಿತು ಅಷ್ಟೇ.

ಮೇಲೆ ಹೋಗಿ ತಾಯಿಯ ಪೆಟ್ಟಿಗೆ ತೆಗೆದೆ. ಹತ್ತು ದಿನದ ಪ್ರವಾಸಕ್ಕೆ ಬಂದವಳ ಪೆಟ್ಟಿಗೆಯಲ್ಲಿ ಬೇಸಿಗೆಯ ತೆಳು ಅಂಗಿಗಳಿದ್ದವು. ಆರು ತಿಂಗಳ ಮಾತ್ರೆಗಳನ್ನು ತಿಂಗಳಿಗೊಂದು ಚೀಲ ಮಾಡಿ, ಪ್ರತಿ ಚೀಲದ ಮೇಲೆ ತಮ್ಮ ತನ್ನ ಸೊಟ್ಟ ಅಕ್ಷರದಲ್ಲಿ ತಿಂಗಳ ಹೆಸರು ಬರೆದಿದ್ದ. ಜೂನ್ ತನಕ ಇತ್ತು. ಡಾಕ್ಟರ ಚೀಟಿಯೂ ಇತ್ತು. ಮೂರು ವರ್ಷ ಹಳೆಯದು. ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಮಧ್ಯಾಹ್ನ ಅವನ ಮೆಸೇಜ್ ಬಂತು. “ಅಕ್ಕಾ, ಅವಳು ನನ್ನನ್ನು ಕಳ್ಳ ಅನ್ನುತ್ತಾಳೆ. ದಿನಾ ಬಟ್ಟೆ ತೊಳೆದಿದ್ದೇನೆ. ಒಂದು ದಿನ ಅವಳ ಮುಖದ ಮೇಲೆ ದಿಂಬಿಡಬೇಕು ಅನಿಸಿತು. ಅದಕ್ಕೇ ಕರೆದುಕೊಂಡು ಬಂದೆ. ಆರು ತಿಂಗಳು ನೀನು ನೋಡು. ಆಮೇಲೆ ಫೋನ್ ತೆಗೆಯುತ್ತೇನೆ.”

ಅಲ್ಲಿಯವರೆಗೆ ತೆಗೆಯುವುದಿಲ್ಲ ಅಂತ ಅರ್ಥ. ಮಾತಿಗೆ ತಪ್ಪಲಿಲ್ಲ, ತೆಗೆಯಲಿಲ್ಲ.

ಅವತ್ತೇ ಇಳಕಲ್ಲಿಗೆ ವಾಪಸ್ ಹೊರಟೆವು. ಹುನಗುಂದ ದಾಟುವಾಗ ತಾಯಿ ನನ್ನನ್ನು ಮೆಲ್ಲಗೆ ಕೇಳಿದಳು, “ಆ ಒಳ್ಳೆಯ ಹುಡುಗ ಎಲ್ಲಿ ಹೋದ?” ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಅಳತೊಡಗಿದೆ. ಆಕೆ ನನ್ನನ್ನು ಮರೆತಿದ್ದಾಳೆ ಎಂದು ಅತ್ತಿಯ ಹತ್ತಿರ ಬಿಕ್ಕುತ್ತಲೇ ಹೇಳಿದೆ.

ಅತ್ತಿ ಅಂದರು: “ನೀ ಒಂಬತ್ತ ವರ್ಷ ಆಕಿನ್ನ ಮರತಿದ್ದಿ. ಈಗ ಆಕಿ ನಿನ್ನ ಮರತಾಳ. ಇದಕ್ಯಾಕ ಅಳೂದು?”

ಗಂಡ, “ಯವ್ವಾ, ಸುಮ್ನಿರು,” ಅಂದ. ಅತ್ತಿ ಸುಮ್ಮನಾದರು. ಆದರೆ ಆಡಿದ್ದನ್ನು ವಾಪಸ್ ತೆಗೆದುಕೊಳ್ಳಲಿಲ್ಲ.

ಇಷ್ಟು ಖಡಕ್ಕಾಗಿ ಮಾತಾಡಿದ ಅತ್ತಿಯೇ ತಾಯಿಯನ್ನು ಸಂಭಾಳಿಸಿದರು. ತಾಯಿ ಹೊರಗೆ ಹೋಗಿ ಓಣಿ ತಪ್ಪಿದರೆ ಕರೆತರುತ್ತಿದ್ದವರು ಅವರು. ಹಾಸಿಗೆ ಒದ್ದೆಯಾದರೆ “ಇರ್ಲಿ ಬಿಡು ಬೀಗತಿ, ಕೂಸು ಮಾಡೂದಿಲ್ಲೇನು?” ಎನ್ನುತ್ತಿದ್ದರು. ತಾಯಿಗೆ ಒಂದು ಅಕ್ಷರ ತಿಳಿಯುತ್ತಿರಲಿಲ್ಲ, ಆದರೂ ತಲೆಯಾಡಿಸುತ್ತಿದ್ದಳು. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿಕೊಟ್ಟರೆ ತಾಟು ಖಾಲಿ ಮಾಡುತ್ತಿದ್ದಳು. ಜಪಾನಿನಲ್ಲಿ ಕಾಯಿಲೆಯವರಿಗೆ ಮಾಡುವ ಗಂಜಿ ಹಾಗೇ ಇರುತ್ತದೆ. ಅತ್ತಿ ಮಗ್ಗಕ್ಕೆ ಕೂತರೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಇವರು ಕನ್ನಡದಲ್ಲಿ ಸೊಸೆಯನ್ನು ಬೈಯುತ್ತಿದ್ದರು, ಆಕೆ ಜಪಾನಿಯಲ್ಲಿ ಮಗಳನ್ನು ಬೈಯುತ್ತಿದ್ದಳು. ಇಬ್ಬರಿಗೂ ಹೊತ್ತು ಹೋಗುತ್ತಿತ್ತು. ಎರಡೂ ಭಾಷೆ ತಿಳಿಯುವ ನಾನು ಒಳಗೆ ರೊಟ್ಟಿ ಬಡಿಯುತ್ತ ಎಲ್ಲ ಕೇಳುತ್ತಿದ್ದೆ.

ಹುನಗುಂದದ ದವಾಖಾನೆಯ ಡಾಕ್ಟರು ಚೀಟಿ ನೋಡಿ, ಇದು ಇಳಿಯುವ ಕಾಯಿಲೆಯಲ್ಲ, ಏರುವುದೇ, ಅಂದರು. ಹೊರದೇಶದವರು ಉಳಿದುಕೊಂಡರೆ ಕೊಡಬೇಕಾದ ಕಾಗದ ಕೊಡಲು ತಾಯಿಯನ್ನು ಬಾಗಲಕೋಟೆಯ ಪೊಲೀಸ್ ಆಫೀಸಿಗೆ ಕರೆದುಕೊಂಡು ಹೋದಾಗ ಅಲ್ಲಿಯ ಅಧಿಕಾರಿ ಮರ್ಯಾದೆಯಿಂದ, “ಇವರು ನಿಮಗೇನಾಗಬೇಕು, ಕೇಳ್ರಿ ಅವರಿಗೆ,” ಅಂದರು. ನಾನು ಕೇಳಿದೆ. ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಈ ಹೆಂಗಸು ಯಾರೆಂದು ನನಗೆ ಗೊತ್ತಿಲ್ಲ. ಹೊಟೇಲಿನವಳಿರಬೇಕು.”

“ಏನಂದ್ರು?” ಅಧಿಕಾರಿ ಕೇಳಿದರು.

“ಮಗಳು ಅಂದ್ರು,” ಅಂದೆ.

ತಾಯಿ ನನ್ನೊಡನೆ ಚೆನ್ನಾಗಿಯೇ ಇದ್ದಳು. ಜಪಾನಿ ಕಲಿತ, ಕೈ ಚುರುಕಿನ, ಒಳ್ಳೆಯ ಭಾರತದ ಹೆಂಗಸು ಎಂದು ನನ್ನನ್ನು ಮೆಚ್ಚಿಕೊಂಡಿದ್ದಳು. ಹುಟ್ಟಿದಾರಭ್ಯ ಆಕೆಯಿಂದ ನನಗೆ ಸಿಗದಿದ್ದ ಮೆಚ್ಚುಗೆ ಅದು. ಮನಸ್ಸಿನಲ್ಲಿದ್ದದ್ದನ್ನು ನನ್ನ ಹತ್ತಿರ ಹೇಳಿಕೊಳ್ಳತೊಡಗಿದಳು.

ಜನವರಿಯ ಒಂದು ಮಧ್ಯಾಹ್ನ ಹಿತ್ತಲಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದೆವು. ಆಕೆಯ ಬೆರಳುಗಳಿಗೆ ಕೆಲಸ ಮರೆತಿರಲಿಲ್ಲ, ನನಗಿಂತ ಬೇಗ ಬಿಡಿಸುತ್ತಿದ್ದಳು.

“ನನ್ನ ಮಗಳೂ ನಿಮ್ಮ ದೇಶಕ್ಕೇ ಬಂದಳು,” ಅಂದಳು.

“ಹೌದೇ?” ಅಂದೆ.

“ಚಿಕ್ಕಂದಿನಿಂದಲೂ ಸ್ವಾರ್ಥಿ. ಅವಳ ಅಪ್ಪ ಸಾಯುವಾಗ ಆಸ್ಪತ್ರೆಯಲ್ಲಿ ಅವಳ ಹೆಸರು ಹಿಡಿದು ಕೂಗಿದರು. ನರ್ಸುಗಳು ಬಂದು ಕೇಳಿದರು, ಮಗಳು ಎಲ್ಲಿ ಎಂದು.”

ಇದು ನನಗೆ ಗೊತ್ತಿರಲಿಲ್ಲ. ಕಾಳು ಬಿಡಿಸುವುದನ್ನು ನಿಲ್ಲಿಸಿದೆ.

“ನೀವೇನು ಹೇಳಿದಿರಿ?”

“ಸತ್ತಿದ್ದಾಳೆ ಎಂದೆ. ಆಮೇಲೆ ಅಕ್ಕಪಕ್ಕದವರಿಗೂ ಹಾಗೇ ಹೇಳಿದೆ. ಭಾರತದಲ್ಲಿ ಜ್ವರ ಬಂದು ಸತ್ತಳು ಎಂದೆ. ಬಂದಿಲ್ಲ ಎನ್ನುವುದಕ್ಕಿಂತ ಸತ್ತಳು ಎನ್ನುವುದು ಸುಲಭ. ಜನ ಸುಮ್ಮನಾಗುತ್ತಾರೆ. ಹಣ್ಣು ತಂದುಕೊಟ್ಟರು.” ಇನ್ನೊಂದು ಅವರೆ ಬಿಡಿಸಿ ಹೇಳಿದಳು: “ಆದರೆ ಎಲ್ಲೋ ಇದ್ದಾಳೆ. ಸುಖವಾಗಿ ಇದ್ದಾಳೆ. ಅಂಥವರಿಗೆ ಏನೂ ಆಗುವುದಿಲ್ಲ.”

ನಾನು ಆ ಮುಖ ನೋಡಿದೆ. ನನ್ನದೇ ಮೂಗು, ನನ್ನದೇ ಗದ್ದ. ಐವತ್ತಕ್ಕೆ ಬಂದ ಹೆಂಗಸು ನಾನು, ಮಗುವಿನ ಹಾಗೆ ಸಿಟ್ಟು ಬಂತು. ಬಾಯಿ ಅದರಷ್ಟಕ್ಕೆ ಹೇಳಿತು:

“ಅಮ್ಮಾವರೆ, ನಿಮಗೆ ಗೊತ್ತಿಲ್ಲವೇ? ನಿಮ್ಮ ಮಗಳು ತೀರಿಕೊಂಡಳು. ಖರೆಯಾಗಿಯೇ ಸತ್ತಳು. ಇದೇ ಊರಲ್ಲಿ.”

ತಾಯಿಯ ಕೈಯಿಂದ ಕಾಳು ಜಾರಿ ಬಿದ್ದವು. ಮೊದಲು ನನ್ನನ್ನೇ ನೋಡಿದಳು. ಆಮೇಲೆ ಅತ್ತಳು. ನನ್ನ ತಾಯಿ ಅಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ತಂದೆಯ ಎಲುಬು ಎತ್ತುವಾಗಲೂ ಆಕೆ ಅತ್ತಿರಲಿಲ್ಲ. ಎರಡೂ ಕೈ ನೆಲಕ್ಕೂರಿ, ನನ್ನ ಹೆಸರು ಹಿಡಿದು, ಚಿಕ್ಕಂದಿನಲ್ಲಿ ಮುದ್ದಿಗೆ ಕರೆಯುತ್ತಿದ್ದ ಹೆಸರು ಹಿಡಿದು ಅತ್ತಳು. ಆ ಹೆಸರು ನನಗೂ ಮರೆತುಹೋಗಿತ್ತು. ನಾನು ಆಕೆಯ ಬೆನ್ನು ಸವರಿದೆ. ಕಾಲು ಗಂಟೆಯಲ್ಲಿ ಮುಖ ಒರೆಸಿಕೊಂಡು, “ಇದು ಯಾವ ಕಾಳು?” ಎಂದು ಕೇಳಿದಳು. ಮರೆತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಸಿಟ್ಟಿನಲ್ಲಿ ಆಡಿದ ಮಾತು ಎಂದು ನಾನೇ ನನ್ನನ್ನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಮಾರ್ಚಿನಲ್ಲಿ ಮತ್ತೆ ಹೇಳಿದೆ. ಆಗ ಸಿಟ್ಟಿರಲಿಲ್ಲ. ತಾಯಿ ಸ್ನಾನ ಮಾಡಿ ಸಮಾಧಾನವಾಗಿ ಕೂತಿದ್ದಳು, ನಾನು ತಲೆ ಬಾಚುತ್ತಿದ್ದೆ. ಮಗಳ ಸುದ್ದಿಯನ್ನು ಆಕೆ ತೆಗೆದಿರಲೂ ಇಲ್ಲ. ನಾನೇ ತೆಗೆದೆ. ಆ ಅಳು ಇನ್ನೊಮ್ಮೆ ಬೇಕಾಗಿತ್ತು. ನನಗಾಗಿ ಯಾರೂ ಹಾಗೆ ಅತ್ತಿರಲಿಲ್ಲ. ಆಕೆ ನೆಲಕ್ಕೆ ಕೈ ಊರಿ ಆ ಹೆಸರು ಕೂಗುವುದನ್ನು ಕೇಳಬೇಕಿತ್ತು. ಕೂಗಿದಳು. ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡು ನಾನು ಪೂರ್ತಿ ಕೇಳಿದೆ.

ಮೂರನೆಯ ಸಲ ಹೇಳಿದ್ದು ಏಪ್ರಿಲ್‌ನಲ್ಲಿ. ಸಾಲಿಗೆ ಸೂಟಿ ಬಿಟ್ಟಿತ್ತು. ಮಗಳು ಮನೆಯಲ್ಲಿದ್ದಾಳೆ ಅನ್ನುವುದು ನನಗೆ ಗೊತ್ತಿತ್ತು, ಪಡಸಾಲೆಯಲ್ಲಿ ಮಲಗಿದ್ದಾಳೆ ಅಂದುಕೊಂಡಿದ್ದೆ. ತಾಯಿ ಅಳುತ್ತಿರುವಾಗ ತಲೆ ಎತ್ತಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು. ಹನ್ನೆರಡು ವರ್ಷದವಳು. ಜಪಾನಿಯನ್ನು ನಾನೇ ಕಲಿಸಿದ್ದೆ, ಅಜ್ಜಿ ಬಂದ ಮೇಲೆ ಇನ್ನೂ ಚೆನ್ನಾಗಿ ಬರುತ್ತಿತ್ತು.

“ಅವ್ವಾ, ಈಗ ನೀ ಏನಂದಿ ಆಕಿಗೆ?”

“ಏನಿಲ್ಲ. ನೀ ಒಳಗ ಹೋಗು.”

ಅವಳು ಹೋಗಲಿಲ್ಲ. ಅಜ್ಜಿಯ ಮುಂದೆ ಕೂತು, ಕೈ ಹಿಡಿದು, ಜಪಾನಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು: “ಅಜ್ಜಿ, ಸುಳ್ಳು. ನಿಮ್ಮ ಮಗಳು ಸತ್ತಿಲ್ಲ. ಇಲ್ಲೇ ಕೂತಿದ್ದಾಳೆ. ಇವಳೇ ನಿಮ್ಮ ಮಗಳು.”

ತಾಯಿ ಅಳು ನಿಲ್ಲಿಸಿದಳು. ನನ್ನನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಮರೆವು ಇರಲಿಲ್ಲ, ಆಕೆಯ ಹಳೆಯ ಖಡಕ್ ನೋಟವೇ ಇತ್ತು.

“ಅಲ್ಲ,” ಅಂದಳು. “ನನ್ನ ಮಗಳು ಸ್ವಾರ್ಥಿ. ಆದರೆ ಮುದುಕಿಯನ್ನು ಅಳಿಸಿ ನೋಡುತ್ತ ಕೂರುವಷ್ಟು ಕೆಟ್ಟವಳಲ್ಲ.”

ಮಗಳು ಅವತ್ತೇ ಅತ್ತಿಯ ಮುಂದೆ ಹೇಳಿದಳು, ಗಂಡನಿಗೂ ಹೇಳಿದಳು. ಗಂಡ ಅಂಗಡಿಗೆ ಹೋಗುವ ಮುಂಚೆ ನನ್ನ ಕಡೆ ನೋಡಿ, ಮತ್ತೆ ಚಪ್ಪಲಿ ಮೆಟ್ಟಿಕೊಂಡು ಹೋದ. ಅತ್ತಿ ಎರಡು ದಿನ ನನ್ನ ಕೈಯಿಂದ ನೀರು ಇಸಕೊಳ್ಳಲಿಲ್ಲ. ಮೂರನೆಯ ದಿನ ತಾವೇ ಮಾತು ತೆಗೆದರು.

“ಆಕಿನ್ನ ಜೂನಿನ್ಯಾಗ ಕಳಸ್ಬೇಕಂತೀಯಲ್ಲ. ಯಾಕ? ಇಲ್ಲೇ ಇರ್ಲಿ. ನಾ ನೋಡ್ಕೋತೇನಿ. ನೀ ನೋಡೂದು ಬ್ಯಾಡ.”

“ವೀಸಾ ಆರು ತಿಂಗಳದ್ದು, ಅತ್ತಿ.”

“ಕಾಗದಾ ಮಾಡಿಸ್ರಿ. ಆಫೀಸಿನ್ಯಾಗ ಕೇಳು. ಮುದುಕಿನ್ನ ಹೊರಗ ಹಾಕ್ತಾರೇನು ಅವ್ರು?”

ಗಂಡನೂ ಕೇಳಿ ನೋಡು ಅಂದ. ನಾನು ಬಾಗಲಕೋಟೆಗೆ ಹೋದೆ. ಬಸ್ಸಿಳಿದೆ. ಆ ಆಫೀಸಿನ ಕಡೆ ಹೋಗಲಿಲ್ಲ. ವಿದ್ಯಾಗಿರಿಯಲ್ಲಿ ಒಂದು ಹೊಟೇಲಿನಲ್ಲಿ ಚಹಾ ಕುಡಿದೆ, ಕಾಲೇಜಿನ ಹುಡುಗಿಯರು ಹೋಗಿಬರುವುದನ್ನು ನೋಡುತ್ತ ಎರಡು ತಾಸು ಕೂತೆ. ಸಂಜೆ ಮನೆಗೆ ಬಂದು, “ಆಗೂದಿಲ್ಲಂತ,” ಅಂದೆ.

ಅತ್ತಿ ನಂಬಿದರು. ಕಾಗದದ ಮಾತೆಂದರೆ ಅವರು ಯಾವಾಗಲೂ ನನ್ನನ್ನೇ ನಂಬುವವರು. ಕೇಳಿದ್ದರೆ ಆಗುತ್ತಿತ್ತೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಜೂನ್ ಮೊದಲ ವಾರ ತಾಯಿಯನ್ನು ಕರೆದುಕೊಂಡು ಹೊರಟೆ. ಅತ್ತಿ ತಾವೇ ನೇಯ್ದ ಒಂದು ಕೆಂಪು ಸೀರೆಯನ್ನು ಬೀಗತಿಯ ಹೆಗಲಿಗೆ ಹೊದಿಸಿ, ಉಡಿ ತುಂಬಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ತಾಯಿ ಕಾರಿನಲ್ಲಿ ಕೂತು, “ಇವತ್ತು ಎಲ್ಲಿಗೆ ಪ್ರವಾಸ?” ಅಂದಳು. “ಬಾದಾಮಿಗೆ,” ಅಂದೆ. ಹುಬ್ಬಳ್ಳಿಯಲ್ಲಿ ಕೇಳಿದಳು, ಬೆಂಗಳೂರಿನಲ್ಲಿ ಕೇಳಿದಳು, ವಿಮಾನದಲ್ಲಿ ಎಷ್ಟು ಸಲ ಕೇಳಿದಳೋ ನೆನಪಿಲ್ಲ. ಪ್ರತಿ ಸಲ ಬಾದಾಮಿಗೆ ಅಂದೆ. ಮಂಗಗಳು ಇರುತ್ತವೆಯೇ ಎಂದು ಕೇಳಿದಳು. ಇರುತ್ತವೆ ಅಂದೆ.

ತಮ್ಮ ಅಷ್ಟರಲ್ಲಿ ಫೋನ್ ತೆಗೆದಿದ್ದ. ಜಪಾನಿನ ನಮ್ಮೂರಿನಿಂದ ಸ್ವಲ್ಪ ದೂರದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಜಾಗ ಹಿಡಿದಿಟ್ಟಿದ್ದ. ವಿಮಾನ ನಿಲ್ದಾಣಕ್ಕೆ ಬಂದ. ನಾವಿಬ್ಬರೂ ಬೈದಾಡಲಿಲ್ಲ. ದಿಂಬಿನ ಮಾತು ಅವನೂ ಎತ್ತಲಿಲ್ಲ, ಹಿತ್ತಲಿನ ಮಾತು ನಾನೂ ಹೇಳಲಿಲ್ಲ. ಅವನು ಕಾರಿನಲ್ಲೇ ಕೂತ, ನಾನು ತಾಯಿಯನ್ನು ಒಳಗೆ ಕರೆದುಕೊಂಡು ಹೋಗಿ ಕಾಗದಗಳಿಗೆ ಸಹಿ ಮಾಡಿದೆ. ಸಂಬಂಧ ಎಂಬಲ್ಲಿ ಮಗಳು ಎಂದು ಬರೆದೆ.

ಕೋಣೆ ಚೊಕ್ಕಟವಿತ್ತು. ಆರೈಕೆಯ ಹೆಂಗಸು ಒಬ್ಬಳು ತಾಯಿಯ ಬಟ್ಟೆಗಳನ್ನು ಕಪಾಟಿನಲ್ಲಿ ಇಡುತ್ತಿದ್ದಳು. ನಾನು ಹೊರಡಬೇಕೆಂದು ಚೀಲ ಎತ್ತಿಕೊಂಡೆ. ಅವತ್ತು ನಾನು ಸೀರೆ ಉಟ್ಟಿರಲಿಲ್ಲ, ಪ್ಯಾಂಟು ಅಂಗಿ ಹಾಕಿದ್ದೆ, ಕುಂಕುಮವಿರಲಿಲ್ಲ. ತಾಯಿ ಹಾಸಿಗೆಯಿಂದ ನನ್ನನ್ನು ನೋಡುತ್ತಿದ್ದಳು. ಒಮ್ಮೆಲೇ ಆ ಮುದ್ದಿನ ಹೆಸರಿನಿಂದ ಕರೆದಳು.

“ನೀನಾ?” ಅಂದಳು. “ಯಾಕೆ ಇಷ್ಟು ಕಪ್ಪಗಾಗಿದ್ದೀಯೆ? ಊಟ ಸರಿಯಾಗಿ ಮಾಡುವುದಿಲ್ಲವೇ ಅಲ್ಲಿ?”

ಆರು ತಿಂಗಳು ಆ ಒಂದು ಮಾತಿಗಾಗಿ ನಾನು ಏನೆಲ್ಲ ಮಾಡಿದ್ದೆ. ಈಗ ಬಂದಿತ್ತು. ಹೌದು ಅಂದರೆ ಆಕೆ ಕೈ ಹಿಡಿಯುತ್ತಾಳೆ, ಮನೆಗೆ ಹೋಗೋಣ ಅನ್ನುತ್ತಾಳೆ, ಬಿಟ್ಟು ಬರಲು ನನ್ನಿಂದ ಆಗುವುದಿಲ್ಲ. ಇದೆಲ್ಲ ಒಂದೇ ಕ್ಷಣದಲ್ಲಿ ತಲೆಯಲ್ಲಿ ಓಡಿತು. ಬಾಗಿಲ ಹತ್ತಿರ ನಿಂತು, ಹೊರಗಿನವರಿಗೆ ಮಾಡುವ ಹಾಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದೆ.

“ಕ್ಷಮಿಸಿ, ಅಮ್ಮಾವರೆ. ನೀವು ಬೇರೆ ಯಾರೋ ಅಂದುಕೊಂಡಿರಿ. ನಾನು ನಿಮ್ಮ ಮಗಳಲ್ಲ.”

ಆರೈಕೆಯ ಹೆಂಗಸು ಕಪಾಟಿನ ಬಾಗಿಲು ಹಿಡಿದುಕೊಂಡೇ ನೆಲ ನೋಡಿದಳು. ತಾಯಿಯ ಮುಖ ಕೆಂಪಾಯಿತು. ಅಪರಿಚಿತರನ್ನು ತಪ್ಪು ಹೆಸರಿನಿಂದ ಕರೆಯುವುದು ಆಕೆಗೆ ಬಹಳ ನಾಚಿಕೆಯ ಸಂಗತಿ. “ತಪ್ಪಾಯಿತು, ದಯವಿಟ್ಟು ಕ್ಷಮಿಸಿ,” ಎಂದು ಹಾಸಿಗೆಯಲ್ಲೇ ಬಗ್ಗಿದಳು. ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಮನೆಗೆ ಬಂದ ಮೇಲೆ ಅತ್ತಿ ಕೇಳಿದರು, “ಬರೂಮುಂದ ಏನಂದ್ಲು ಬೀಗತಿ?”

“ಏನೂ ಅನ್ನಲಿಲ್ಲ. ಗುರುತು ಸಿಗಲಿಲ್ಲ.”

ಮಗಳು ನನ್ನೊಡನೆ ಜಪಾನಿ ಮಾತಾಡುವುದನ್ನು ಬಿಟ್ಟಳು. ನಾನು ಜಪಾನಿಯಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಆದರೆ ಅಜ್ಜಿಗೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದಳು. ನನಗೆ ತೋರಿಸುತ್ತಿರಲಿಲ್ಲ.

ಈ ವರ್ಷ ಬೇಸಿಗೆ ರಜೆಯಲ್ಲಿ ಜಪಾನಿಗೆ ಹೋಗಬೇಕು ಎಂದು ಹಟ ಹಿಡಿದಳು. ಗಂಡ, ಅವಳು, ನಾನು ಮೂವರೂ ಹೋದೆವು. ಗಂಡನಿಗೆ ಅದು ಮೊದಲ ಸಲ. ಸಮುದ್ರ ನೋಡಿದ, ರೈಲು ಹೊತ್ತಿಗೆ ಸರಿಯಾಗಿ ಬರುವುದನ್ನು ನೋಡಿ ಮಗುವಿನ ಹಾಗೆ ಕುಣಿದ, ಅನ್ನ ಅಂಟುತ್ತದೆ ಎಂದು ಚಟ್ನಿಪುಡಿ ಉದುರಿಸಿಕೊಂಡು ತಿಂದ. ಐದನೆಯ ದಿನ ತಾಯಿ ಇದ್ದಲ್ಲಿಗೆ ಹೋದೆವು.

ಕೋಣೆಯ ಹೊರಗೆ ಮಗಳು ನನ್ನನ್ನು ತಡೆದಳು.

“ನೀ ಬರಬ್ಯಾಡ ಅವ್ವಾ. ನಿನ್ನ ನೋಡಿದ್ರ ಆಕಿ ಹೆದರ್ತಾಳ.”

“ಆಕಿಗೆ ನನ್ನ ನೆನಪ ಇಲ್ಲ.”

“ಇಲ್ಲಂದ್ರೂ ಹೆದರ್ತಾಳ,” ಅಂದು ತಾನು ಒಳಗೆ ಹೋದಳು. ಬಾಗಿಲು ಅರ್ಧ ತೆರೆದೇ ಇತ್ತು. ತಾಯಿ ಬಹಳ ಸಣ್ಣಗಾಗಿದ್ದಳು. ಕಿಟಕಿಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ಮಗಳನ್ನು ನೋಡಿ ಕೈ ಚಾಚಿ ಅದೇ ಮುದ್ದಿನ ಹೆಸರಿನಿಂದ ಕರೆದಳು, ನನ್ನ ಹೆಸರಿನಿಂದ. “ಬಂದೆಯಾ? ಎಷ್ಟು ತಡ ಮಾಡಿದೆ.”

“ಬಂದೆ, ಅಮ್ಮ,” ಅಂದಳು ಮಗಳು. “ತಡವಾಯಿತು. ಕ್ಷಮಿಸು.”

ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅಪ್ಪ ಹೇಗಿದ್ದಾರೆ ಎಂದು ತಾಯಿ ಕೇಳಿದಳು, ಚೆನ್ನಾಗಿದ್ದಾರೆ ಎಂದಳು ಮಗಳು. ಸಾಲಿಯಲ್ಲಿ ಜಗಳವಾಡಬೇಡ ಎಂದು ಬುದ್ಧಿ ಹೇಳಿಸಿಕೊಂಡಳು. ಗಂಡ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಭಾಷೆ ತಿಳಿಯದು. “ಏನ್ ಮಾತಾಡಾಕತ್ತಾರ?” ಎಂದು ಕೇಳಿದ. ನಾನು ಒಂದೊಂದನ್ನೂ ಇದ್ದ ಹಾಗೆಯೇ ಕನ್ನಡಕ್ಕೆ ತಂದು ಹೇಳಿದೆ. ಅವನು ಕೇಳುತ್ತ ಕೇಳುತ್ತ ಕುರ್ಚಿಯನ್ನು ನನ್ನಿಂದ ಸ್ವಲ್ಪ ದೂರ ಸರಿಸಿಕೊಂಡ.

ಊಟದ ಹೊತ್ತಾದಾಗ ಆರೈಕೆಯ ಹೆಂಗಸು ತಾಟು ತಂದಳು. ಮಗಳು ಚಮಚೆಯಿಂದ ಗಂಜಿ ತಿನ್ನಿಸಿದಳು, ಬಾಯಿ ಒರೆಸಿದಳು, ಎದ್ದು ಹೊರಗೆ ಬಂದಳು. ನನ್ನ ಮುಂದೆ ನಿಲ್ಲದೆ ನೇರವಾಗಿ ನಡೆದು ಹೋದಳು. ನಾವಿಬ್ಬರೂ ಎದ್ದು ಅವಳ ಹಿಂದೆ ನಡೆದೆವು.